ಆಯುಧಪೂಜೆಯ ಹಿಂದಿನ ಸಂಜೆ ಕೊಟ್ಟ ಜೆಟ್

ಹೋದ ತಿಂಗಳು ಬನಶಂಕರಿ ಬಸ್ ನಿಲ್ದಾಣದ ಮುಂದಿನ ಸಿಗ್ನಲ್ಲಿನಲ್ಲಿ ಆಟೋದೊಳಗೆ ಕೂತಿದ್ದೆ. ಪಕ್ಕಕ್ಕೆ ಒಂದು ಬೈಕು ಬಂತು. ಹುಡುಗ ಆಕ್ಸಿಲರೇಟರ್ ಬಿಡುತ್ತಿದ್ದ ಹಾಗೆಯೇ ಸೈಲೆನ್ಸರಿನಿಂದ ಪಟಪಟನೆ ಸಿಡಿಯುವ ಸದ್ದು. ಆಟೋದವರು ಕತ್ತು ಹೊರಗೆ ಹಾಕಿ, "ಏನ್ ಗುರು, ದೀಪಾವಳಿ ಈಗ್ಲೇ ಶುರು ಮಾಡ್ಬಿಟ್ಯಾ?" ಎಂದರು. ಹುಡುಗ ನಕ್ಕ. ಹೊಗಳಿದರೆಂದೇ ತಿಳಿದಿರಬೇಕು.

ನನಗೆ ನಗು ಬರಲಿಲ್ಲ. ಆ ಸದ್ದು ಏನು ಹೇಳುತ್ತದೆಂದು ನನಗೆ ಗೊತ್ತು. ಹೊಸ ಸೈಲೆನ್ಸರ್ ಹಾಕಿಸಿದ್ದಾನೆ. ಗಾಳಿ ಸಲೀಸಾಗಿ ಒಳಗೆ ಬಂದು ಸಲೀಸಾಗಿ ಹೊರಗೆ ಹೋಗುತ್ತಿದೆ. ಅಷ್ಟು ಗಾಳಿಗೆ ಬೇಕಾದಷ್ಟು ಪೆಟ್ರೋಲನ್ನು ಮಾತ್ರ ಯಾರೂ ಹೆಚ್ಚಿಸಿ ಕೊಟ್ಟಿಲ್ಲ. ಎಂಜಿನ್ ಅರೆಹೊಟ್ಟೆಯಲ್ಲಿ ದುಡಿಯುತ್ತಿದೆ. ಇದನ್ನು ಗ್ಯಾರೇಜಿನವರು 'ಲೀನ್ ಓಡ್ತಿದೆ' ಎನ್ನುತ್ತಾರೆ. ಊರೊಳಗೆ ಓಡಾಡುವಾಗ ಏನೂ ಆಗುವುದಿಲ್ಲ. ಉದ್ದ ರಸ್ತೆಗೆ ಹೋಗಿ ಪೂರ್ತಿ ತಿರುವಿದರೆ ಆಗುತ್ತದೆ. ಇಳಿದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಹಸಿರು ದೀಪ ಬಿದ್ದು ಹುಡುಗ ಹೋಗಿಬಿಟ್ಟ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ಆಗ ತಮ್ಮ ವೇಣು ಇನ್ನೂ ಅಂಗನವಾಡಿಗೆ ಹೋಗುವ ಮಗು. ಅವನಿಗೆ ತಲೆ ಬಾಚಿ, ಅಪ್ಪನಿಗೆ ಬುತ್ತಿ ಕಟ್ಟಿ, ಮಧ್ಯಾಹ್ನ ಪದ್ಮನಾಭನಗರದ ಅಡ್ಡರಸ್ತೆಯಲ್ಲಿದ್ದ ನಮ್ಮ ಗ್ಯಾರೇಜಿನಲ್ಲಿ ಕೂರುತ್ತಿದ್ದೆ. ಮುಂದುಗಡೆ ಸ್ಪೇರ್ ಪಾರ್ಟಿನ ಕೌಂಟರು, ಹಿಂದುಗಡೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಅಪ್ಪ ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಶಟರ್ ಎತ್ತುತ್ತಿದ್ದರು, ಸಂಜೆಗೆ ಅದರ ಮೇಲೆ ಗ್ರೀಸು ಬಂದಿರುತ್ತಿತ್ತು. ನನಗೆ ಮದುವೆಯೂ ಆಯಿತು, ಎರಡು ವರ್ಷಕ್ಕೆ ಅದು ಮುಗಿದೂ ಹೋಯಿತು. ವಾಪಸ್ಸು ಬಂದು ಅದೇ ಕೌಂಟರಿನ ಹಿಂದೆ ಕೂತೆ. ಅಪ್ಪ ತೀರಿಕೊಂಡ ಮೇಲೆ ಹಿಂದುಗಡೆಯ ಕೆಲಸವೆಲ್ಲ ವೇಣುವಿನದಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಅಂಗಡಿ ಬಿಟ್ಟರೆ ನನಗೆ ಹೋಗಲು ಬೇರೆ ಜಾಗವಿರಲಿಲ್ಲ. ನನ್ನ ಹೆದರಿಕೆಯೆಲ್ಲ ಅಲ್ಲಿಂದ ಶುರುವಾಗಿದ್ದು.

ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಆ ಮಳೆಗಾಲದ ಮೊದಲಲ್ಲಿ ಸಂದೀಪ ಎಂಬ ಹುಡುಗ ತನ್ನ ಬೈಕು ತಂದ. ಅವರಪ್ಪನದು ಜೆ.ಪಿ. ನಗರದಲ್ಲಿ ಟೈಲ್ಸ್ ಅಂಗಡಿ. ಒಳ್ಳೆಯ ಮಾತು, ಒಳ್ಳೆಯ ಶೂ. ಬೈಕಿಗೆ ಉದ್ದನೆಯ ಹೊಸ ಸೈಲೆನ್ಸರ್ ಹಾಕಿಸಿದ್ದ. ಗಾಳಿ ಎಳೆದುಕೊಳ್ಳುವ ಕಡೆ ಇದ್ದ ಡಬ್ಬಿಯನ್ನೇ ತೆಗೆಸಿ ಬರಿಯ ಫಿಲ್ಟರ್ ಕೂರಿಸಿದ್ದ. ಯಾರೋ ಶಕ್ತಿ ಬರುತ್ತದೆ ಎಂದಿದ್ದರಂತೆ. ಬಂದದ್ದು ಸದ್ದು ಮಾತ್ರ. ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು, ಅರ್ಧ ತಿರುವಿದಾಗ ಮುಗ್ಗರಿಸುತ್ತಿತ್ತು, ಬಿಟ್ಟಾಗ ಪಟಪಟ ಸಿಡಿಯುತ್ತಿತ್ತು. ನಾಲ್ಕು ಗ್ಯಾರೇಜು ಸುತ್ತಿ ನಮ್ಮಲ್ಲಿಗೆ ಬಂದಿದ್ದ.

ವೇಣು ಆ ಬೈಕಿಗೆ ಕಿವಿಗೊಟ್ಟು ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನಿಗೆ ಇಂಥ ಕೆಲಸವೆಂದರೆ ಊಟ ಬೇಡ. ಕಾರ್ಬುರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತಿರುಪು ಇರುತ್ತದೆ. ಅದರ ನಡುವೆ ಸೂಜಿ ಹೋಗುವಷ್ಟು ತೂತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಆ ತೂತು. ಗಾಳಿ ಹೆಚ್ಚಾದರೆ ತೂತೂ ದೊಡ್ಡದಾಗಬೇಕು. ಎಷ್ಟು ದೊಡ್ಡದೆಂದು ಯಾವ ಪುಸ್ತಕದಲ್ಲೂ ಇಲ್ಲ, ಹಾಕಿ ಓಡಿಸಿ ನೋಡಬೇಕು. ಬೆಳಕು ಹರಿಯುವ ಹೊತ್ತಿಗೆ ವೇಣು ಕನಕಪುರ ರಸ್ತೆಯಲ್ಲಿ ಊರು ದಾಟಿ ಹೋಗುತ್ತಿದ್ದ. ಪೂರ್ತಿ ವೇಗದಲ್ಲಿ ಓಡಿಸುತ್ತಿದ್ದಾಗಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು, ಗಾಡಿ ತಾನಾಗಿ ಉರುಳಿ ನಿಲ್ಲುವವರೆಗೂ ಬಿಡುತ್ತಿದ್ದ. ರಸ್ತೆ ಬದಿಯಲ್ಲೇ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಮೂತಿಯ ಬಣ್ಣ ನೋಡುತ್ತಿದ್ದ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚು, ಹಾಲು ಕಡಿಮೆ ಹಾಕಿದ ಕಾಫಿಯಂತಿದ್ದರೆ ಸರಿ. ಆ ಪ್ಲಗ್ಗುಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಡುತ್ತಿದ್ದ. "ನೀನೇ ಹೇಳಕ್ಕ, ಇದು ಬಿಸ್ಕತ್ತಾ, ಕಾಫೀನಾ?" ಎಂದು ಕೇಳುತ್ತಿದ್ದ. ಮೊದಮೊದಲು ಕೇಳುತ್ತಿದ್ದ.

ಆಮೇಲೆ ಪ್ಲಗ್ಗುಗಳನ್ನು ಸಂದೀಪನಿಗೆ ತೋರಿಸತೊಡಗಿದ.

ಇಬ್ಬರೂ ಗ್ಯಾರೇಜಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತು ಮಾತಾಡುವುದು ಶುರುವಾಯಿತು. ನಾನು ಚಹಾ ತೆಗೆದುಕೊಂಡು ಹೋದರೆ ಮಾತು ಮಳೆಯ ಕಡೆಗೆ ತಿರುಗುತ್ತಿತ್ತು. ವೇಣುವಿಗೆ ಫೋನ್ ಬಂದರೆ ಶಟರಿನಾಚೆ ಹೋಗಿ ಮಾತಾಡುತ್ತಿದ್ದ. ಒಂದು ದಿನ ಊಟ ಮಾಡುತ್ತಾ, ಬೈಕನ್ನು ರೋಲರಿನ ಮೇಲೆ ನಿಲ್ಲಿಸಿ ಓಡಿಸಿ, ಎಷ್ಟು ಶಕ್ತಿ, ಎಷ್ಟು ಪೆಟ್ರೋಲ್ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಮೆಷಿನ್ನಿನ ಬಗ್ಗೆ ಹೇಳಿದ. ಇನ್ನು ಮೇಲೆ ಬರುವ ಗಾಡಿಗಳಿಗೆ ಕಾರ್ಬುರೇಟರೇ ಇರುವುದಿಲ್ಲವಂತೆ, ಲ್ಯಾಪ್‌ಟಾಪ್ ಇಟ್ಟುಕೊಂಡೇ ಟ್ಯೂನ್ ಮಾಡಬೇಕಂತೆ. ಆ ಮೆಷಿನ್ ನಮ್ಮ ಗ್ಯಾರೇಜಿನಲ್ಲಿ ಎಲ್ಲಿ ಹಿಡಿಸುತ್ತದೋ ಎಂದು ನಾನು ನಕ್ಕೆ. ಅವನು ನಗಲಿಲ್ಲ. "ಇಲ್ಲಿ ಹಿಡಿಸಲ್ಲ" ಎಂದು ತಟ್ಟೆ ನೋಡುತ್ತಾ ಹೇಳಿದ.

ಆ ಎರಡು ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿ ಹಿಡಿಸದಿದ್ದರೆ ಎಲ್ಲಿ ಹಿಡಿಸುತ್ತದೆ? ಅವನ ಅಂಗಿಯ ಜೇಬು ನೋಡುವ ಕೆಟ್ಟ ಚಾಳಿ ಅಲ್ಲಿಂದ ಶುರುವಾಯಿತು. ಒಗೆಯುವ ನೆಪದಲ್ಲಿ ನೋಡುತ್ತಿದ್ದೆ. ಸಿಕ್ಕಿದ್ದು ಎರಡು ಜೆಟ್ಟು, ಒಂದು ಹಸಿರು ಪೆಪ್ಪರ್‌ಮೆಂಟಿನ ಕಾಗದ. ಏನೂ ಸಿಗಲಿಲ್ಲವೆಂದರೆ ಸಮಾಧಾನವಾಗಬೇಕಲ್ಲವೇ? ನನಗೆ ಆಗಲಿಲ್ಲ. ಏನೂ ಸಿಗದಷ್ಟು ಹುಷಾರಾಗಿದ್ದಾನೆ ಎನಿಸಿತು.

ಶ್ರಾವಣದ ಒಂದು ಮಧ್ಯಾಹ್ನ ಎದುರಿನ ಟೀ ಅಂಗಡಿಯ ಕೃಷ್ಣಪ್ಪ ಹಾಲಿನ ಕ್ಯಾನ್ ಇಳಿಸಿಕೊಳ್ಳುತ್ತಾ ನನ್ನನ್ನು ಕರೆದರು.

"ಏನಮ್ಮಾ ಗಿರಿಜಾ, ಜೆ.ಪಿ. ನಗರದಲ್ಲಿ ಬ್ರಾಂಚ್ ತೆಗೀತಿದೀರಂತೆ? ಸ್ವೀಟ್ ಇಲ್ವಾ ನಮಗೆ?"

ಯಾರು ಹೇಳಿದ್ದು ಎಂದೆ. ಅವರ ಅಳಿಯನ ಅಂಗಡಿ ಅಲ್ಲೇ ಹತ್ತಿರವಂತೆ. ವೇಣುವೂ ಇನ್ನೊಬ್ಬ ಹುಡುಗನೂ ಒಂದು ಖಾಲಿ ಮಳಿಗೆಯಲ್ಲಿ ಟೇಪು ಹಿಡಿದು ನೆಲ ಅಳೆಯುತ್ತಿದ್ದುದನ್ನು ಬೆಳಿಗ್ಗೆ ಅಳಿಯನೇ ನೋಡಿದನಂತೆ. "ನಿನಗೇ ಗೊತ್ತಿಲ್ವಾ? ಸರಿಹೋಯ್ತು" ಎಂದು ಅವರು ಲೋಟ ತೊಳೆಯುವುದಕ್ಕೆ ತಿರುಗಿದರು. ಆ 'ಸರಿಹೋಯ್ತು' ಬೀದಿಗೆಲ್ಲ ಕೇಳಿಸಿತೇನೋ ಎನ್ನಿಸಿತು ನನಗೆ.

ಸಂಜೆ ವೇಣು ಬಂದಾಗ, ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಜೆ.ಸಿ. ರಸ್ತೆಗೆ, ಗ್ಯಾಸ್ಕೆಟ್ ತರಲು ಎಂದ. ಕೈಯಲ್ಲಿ ಗ್ಯಾಸ್ಕೆಟ್ ಇರಲಿಲ್ಲ. ಸಿಗಲಿಲ್ಲ ಎಂದ. ನಾನು ಮತ್ತೆ ಕೇಳಲಿಲ್ಲ. ಆವತ್ತು ನೇರವಾಗಿ ಕೇಳಿಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾನೆಂಬ ಭಯ. ಅನುಮಾನವಾದರೆ ನನ್ನ ಕೈಯಲ್ಲೇ ಇರುತ್ತದೆ, ಬೇಕಾದಾಗ ಎತ್ತಿ ನೋಡಬಹುದು, ಬೇಡವಾದಾಗ ಇಡಬಹುದು. ಉತ್ತರ ಹಾಗಲ್ಲ.

ಭಾದ್ರಪದ ಪೂರ್ತಿ ಮಳೆ ಹುಯ್ಯಿತು. ಗಣೇಶನ ಪೆಂಡಾಲಿನ ಮೇಲೆ ನೀರು ನಿಂತು ಹೊಟ್ಟೆಯಂತೆ ಜೋತಾಡುತ್ತಿತ್ತು. ಹುಡುಗರು ಕೋಲಿನಿಂದ ಅದನ್ನು ಎತ್ತಿ ಚೆಲ್ಲುತ್ತಿದ್ದರು. ಆ ಮಳೆಯಲ್ಲೂ ವೇಣು ಬಿಡುವು ಸಿಕ್ಕಾಗಲೆಲ್ಲ ಬೈಕು ತೆಗೆದುಕೊಂಡು ಹೋಗುತ್ತಿದ್ದ. ಸಣ್ಣ ಜೆಟ್ಟು ಬದಲಾಯಿಸಿದ, ಒಳಗಿನ ಸೂಜಿಯನ್ನು ಒಂದು ಮೆಟ್ಟಿಲು ಮೇಲೆತ್ತಿದ, ದೊಡ್ಡ ಜೆಟ್ಟಿನಲ್ಲಿ ತೂತಿನ ಅಳತೆಯ ನಂಬರನ್ನು ನೂರಹತ್ತರಿಂದ ಒಂದೊಂದಾಗಿ ಏರಿಸುತ್ತಾ ಹೋದ. ನೂರಿಪ್ಪತ್ತೈದಕ್ಕೆ ಬಂದಾಗ ಪ್ಲಗ್ಗು ಕಾಫಿಯ ಬಣ್ಣಕ್ಕೆ ತಿರುಗಿತು. ಅವತ್ತು ಸಂದೀಪ ಬೈಕನ್ನು ಒಂದು ಸುತ್ತು ಓಡಿಸಿ ಬಂದು, ಹೆಲ್ಮೆಟ್ಟು ತೆಗೆಯುವ ಮೊದಲೇ, "ಸಖತ್ ಗುರು, ಬೆಣ್ಣೆ" ಎಂದ. ವಿಜಯದಶಮಿಯ ದಿನ ಅದರಲ್ಲೇ ಸೇಲಂ ಕಡೆಗೆ ಹೊರಡುವವನಿದ್ದ. ಅಲ್ಲಿಂದ ಇನ್ನೂ ಕೆಳಗೆ ಸಮುದ್ರದವರೆಗೆ ಹೋಗಿ ಬರುವ ಯೋಚನೆ. ಹೊರಡುವಾಗ ವೇಣುವಿನ ಭುಜ ಹಿಡಿದು, ನಾನು ಕೇಳುವಷ್ಟು ಹತ್ತಿರದಲ್ಲೇ ಹೇಳಿದ: "ಈ ಟ್ರಿಪ್ ನೆಟ್ಟಗೆ ಮುಗೀಲಿ ವೇಣು, ಆಮೇಲೆ ಅದರ ವಿಷ್ಯ ಕೂತು ಫೈನಲ್ ಮಾಡೋಣ."

ಅದರ ವಿಷಯ. ಯಾವುದರ ವಿಷಯ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇನ್ನು ಆ ಜೆಟ್ಟಿನ ವಿಷಯ. ಆ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ನಾನು ಒಂದಷ್ಟು ಜೆಟ್ಟುಗಳನ್ನು ಬಿಡಿಯಾಗಿ ಕೊಂಡಿದ್ದೆ. ಬಂದ ಮೇಲೆ ನೋಡಿದರೆ ನಕಲಿ. ಮೇಲೆ ಕೊರೆದ ನಂಬರಿಗೂ ಒಳಗಿನ ತೂತಿಗೂ ಸಂಬಂಧವಿರಲಿಲ್ಲ. ವೇಣು ಬೇರೆ ಬೇರೆ ಗಾತ್ರದ ಸಣ್ಣ ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದರ ತೂತಿಗೂ ತೂರಿಸಿ ನೋಡಿ, ನೂರಿಪ್ಪತ್ತೈದು ಎಂದು ಕೊರೆದಿದ್ದವು ನಿಜವಾಗಿ ನೂರಹದಿನೈದರ ಹತ್ತಿರ ಇವೆ ಎಂದು ತೋರಿಸಿದ. ಬೈಯಲಿಲ್ಲ. ಎಲ್ಲವನ್ನೂ ಒಂದು ಹಳೆಯ ಬೋರ್ನ್‌ವಿಟಾ ಡಬ್ಬಿಗೆ ಸುರಿದು, ಇದಕ್ಕೆ ಮಾತ್ರ ಕೈ ಹಾಕಬೇಡ ಅಕ್ಕ, ಹಿತ್ತಾಳೆ ತೂಕಕ್ಕೆ ಹಾಕಿಬಿಡೋಣ ಎಂದು ಕೌಂಟರಿನ ಕೆಳಗೆ ತಳ್ಳಿದ. ಸರಿಯಾದವು ಮೇಲಿನ ಡ್ರಾಯರಿನಲ್ಲಿ ಪ್ಯಾಕೆಟ್ಟಿನಲ್ಲಿ ಇರುತ್ತಿದ್ದವು.

ಆಯುಧಪೂಜೆಯ ಹಿಂದಿನ ಸಂಜೆ. ಗ್ಯಾರೇಜು ತೊಳೆದಿತ್ತು. ಬೂದುಗುಂಬಳಕಾಯಿ, ಚೆಂಡು ಹೂವು, ಬಾಳೆಕಂದು ಬಂದಿದ್ದವು. ಹೊರಗೆ ಮಳೆ. ವೇಣು ಸಂದೀಪನ ಬೈಕಿನ ಕಾರ್ಬುರೇಟರನ್ನು ಕೊನೆಯದಾಗಿ ಬಿಚ್ಚಿ ತೊಳೆದು ಕೂರಿಸುತ್ತಿದ್ದ. ಮೇಲಿಂದ ಮೇಲೆ ಬಿಚ್ಚಿ ಹಾಕಿ ಆ ಜೆಟ್ಟಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು ಸವೆದುಹೋಗಿತ್ತು. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬರುವುದಿಲ್ಲವೆಂದು ಅವನಿಗೆ ಯೋಚನೆ. ಕೆಲಸ ಚೊಕ್ಕವಾಗಿರಬೇಕು ಅವನಿಗೆ. ತಲೆ ಎತ್ತದೆ ಕೈ ಮಾತ್ರ ನನ್ನ ಕಡೆಗೆ ಚಾಚಿ ಹೇಳಿದ: "ಅಕ್ಕ, ಹೊಸದೊಂದು ನೂರಿಪ್ಪತ್ತೈದು ಕೊಡು."

ನಾನು ಡ್ರಾಯರ್ ಎಳೆದೆ. ಪ್ಯಾಕೆಟ್ಟು ಕಂಡಿತು. ಡ್ರಾಯರ್ ಮುಚ್ಚಿದೆ. ಬಗ್ಗಿ ಆ ಡಬ್ಬಿಯಿಂದ ಒಂದನ್ನು ತೆಗೆದು, ಸೆರಗಿನಲ್ಲಿ ಒರೆಸಿ ಅವನ ಅಂಗೈಗೆ ಹಾಕಿದೆ. ಅವನು ನಂಬರ್ ನೋಡಿದ, ಕೂರಿಸಿದ. ಬಿಟ್ ತೂರಿಸಿ ನೋಡಲಿಲ್ಲ. ಬೇರೆ ಅಂಗಡಿಯಿಂದ ತಂದಿದ್ದರೆ ಖಂಡಿತ ನೋಡುತ್ತಿದ್ದ.

ನಾನು ಏನೆಂದುಕೊಂಡಿದ್ದೆ? ಬೈಕು ದಾರಿಯಲ್ಲಿ ಸ್ವಲ್ಪ ಕೆಮ್ಮುತ್ತದೆ, ಬಿಸಿಯಾಗುತ್ತದೆ. ಸಂದೀಪ ಮುಖ ಸಿಂಡರಿಸಿಕೊಂಡು ವಾಪಸ್ಸು ಬರುತ್ತಾನೆ, ಈ ಹುಡುಗನನ್ನು ನಂಬಿ ಮಳಿಗೆ ಹಾಕುವುದೇ ಎಂದು ಹಿಂಜರಿಯುತ್ತಾನೆ. ವೇಣು ಇಲ್ಲೇ ಉಳಿಯುತ್ತಾನೆ. ಇಷ್ಟೇ. ಒಂದು ಮದುವೆಯ ಮಾತುಕತೆ ಮುರಿಯುವಷ್ಟು ಸಣ್ಣ ಕಿತಾಪತಿ ಎಂದುಕೊಂಡಿದ್ದೆ. ಅದೇನು ಸಣ್ಣದೋ.

ಮಾರನೆಯ ದಿನ ಪೂಜೆ. ನಮ್ಮಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡಿತ್ತು. ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ, ವೇಣುವಿನ ಆ ಸಣ್ಣ ಬಿಟ್‌ಗಳು, ಎಲ್ಲವನ್ನೂ ಬಿಳಿ ಪಂಚೆಯ ಮೇಲೆ ಜೋಡಿಸಿ ವಿಭೂತಿ ಕುಂಕುಮ ಹಚ್ಚಿದರೆ, ಮತ್ತೆ ವಿಜಯದಶಮಿಯ ಸಂಜೆ ದೀಪ ಹಚ್ಚಿ ಎತ್ತುವವರೆಗೂ ಯಾರೂ ಮುಟ್ಟುವ ಹಾಗಿಲ್ಲ. ಗಿರಾಕಿಯ ಗಾಡಿ ಪಂಕ್ಚರಾಗಿ ಬಂದರೂ ಅಪ್ಪ ಕೈ ಮುಗಿದು ಕಳಿಸುತ್ತಿದ್ದರು. ಸಂದೀಪನ ಬೈಕಿಗೂ ಹೂವು ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಮಳೆ ಬಿಟ್ಟಿತ್ತು. ತೊಳೆದ ಆಕಾಶ. ವೇಣು ಪ್ರಸಾದದ ಪುರಿ ತಿನ್ನುತ್ತಾ ಬೈಕಿನ ಸುತ್ತ ಎರಡು ಸಲ ತಿರುಗಿ ಬಂದ.

"ಅಕ್ಕ, ಹೊಸ ಜೆಟ್ ಹಾಕಿದ್ಮೇಲೆ ಫುಲ್ ಓಡ್ಸಿ ನೋಡ್ಲೇ ಇಲ್ಲ. ಒಂದೇ ಒಂದ್ಸಲ ಕನಕಪುರ ರೋಡಿಗೆ ಹೋಗಿ ಪ್ಲಗ್ ನೋಡ್ಕೊಂಡ್ ಬಂದ್ಬಿಡ್ಲಾ? ಪ್ಲಗ್ ಸ್ಪ್ಯಾನರ್ ಒಂದು ತಗೋತೀನಿ."

"ಪೂಜೆಗಿಟ್ಟ ಸ್ಪ್ಯಾನರ್ ಎತ್ತೀಯಾ? ಅಪ್ಪ ಇದ್ದಿದ್ರೆ ಈ ಮಾತು ಆಡ್ತಿದ್ದೆಯೇನೋ?"

ಅವನು ನನ್ನ ಮುಖ ನೋಡಿದ. ನಾನು ದೇವರ ಪಟದ ಕಡೆ ನೋಡಿದೆ. ಅದೇ ನಂಬರ್ ತಾನೇ ಹಾಕಿದ್ದು ಎಂದು ಅವನು ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿ ಕೈ ಒರೆಸಿಕೊಂಡ. ನಾನು ಜೆಟ್ಟು ಕೊಟ್ಟದ್ದಕ್ಕಿಂತ ಅಪ್ಪನ ಹೆಸರು ಹೇಳಿ ಅವನ ಕೈ ಹಿಡಿದದ್ದು ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ಹೊಟ್ಟೆಯ ಉರಿಯಲ್ಲಿ ಆದದ್ದು. ಎರಡನೆಯದನ್ನು ತಣ್ಣಗೆ ಮಾಡಿದೆ.

ವಿಜಯದಶಮಿಯ ಬೆಳಿಗ್ಗೆ ಸಂದೀಪ ಹೊರಟ. ಸಂಜೆಯ ಹೊತ್ತಿಗೆ ಫೋನ್ ಬಂತು. ಘಾಟಿ ಇಳಿದ ಮೇಲೆ, ಸೇಲಂ ಕಡೆಯ ನೇರ ರಸ್ತೆಯಲ್ಲಿ, ಪೂರ್ತಿ ವೇಗದಲ್ಲಿದ್ದಾಗ ಎಂಜಿನ್ ಒಳಗೇ ಬಿಗಿದು ಹಿಡಿದುಕೊಂಡು ಹಿಂದಿನ ಚಕ್ರ ನಿಂತೇಹೋಗಿತ್ತು. ಬೈಕು ಅಡ್ಡ ತಿರುಗಿ ಅವನನ್ನು ಎಸೆದಿತ್ತು. ಕತ್ತಿನ ಕೆಳಗಿನ ಮೂಳೆಯೂ ಎಡಗೈ ಮಣಿಕಟ್ಟೂ ಮುರಿದಿದ್ದವು. ಹಿಂದೆ ಬರುತ್ತಿದ್ದ ಲಾರಿಯವರು ಬ್ರೇಕು ಹಾಕಿದ್ದರಿಂದ ಉಳಿದ. ವೇಣು ಚಪ್ಪಲಿಯಲ್ಲೇ ಬಸ್ಸು ಹತ್ತಿ ಹೋದ. ಸ್ಪ್ಯಾನರುಗಳನ್ನು ಎತ್ತುವ ದೀಪವನ್ನು ನಾನೊಬ್ಬಳೇ ಹಚ್ಚಿದೆ.

ಎರಡು ದಿನದ ಮೇಲೆ ಬೈಕು ಟೆಂಪೋದಲ್ಲಿ ಬಂತು. ವೇಣು ಇನ್ನೂ ಆಸ್ಪತ್ರೆಯಲ್ಲಿ ಸಂದೀಪನ ಜೊತೆಗಿದ್ದ. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಬೈಕಿನ ಹ್ಯಾಂಡಲಿನಲ್ಲಿ ನಮ್ಮ ಪೂಜೆಯ ಚೆಂಡು ಹೂವಿನ ಹಾರ ಇನ್ನೂ ಇತ್ತು. ನಾನು ಶಟರನ್ನು ಅರ್ಧ ಇಳಿಸಿದೆ. ಕುಂಕುಮ ಅಂಟಿದ್ದ ಸ್ಕ್ರೂಡ್ರೈವರನ್ನೇ ತೆಗೆದುಕೊಂಡೆ. ಚಿಕ್ಕಂದಿನಿಂದ ನೋಡಿದ ಕೆಲಸ, ಕೈಗೆ ಗೊತ್ತಿತ್ತು. ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ. ಉಳಿದಿದ್ದ ಪೆಟ್ರೋಲ್ ಮೊಣಕೈವರೆಗೂ ಹರಿಯಿತು. ಡಬ್ಬಿಯ ಜೆಟ್ಟನ್ನು ತೆಗೆದು ಪ್ಯಾಕೆಟ್ಟಿನ ಜೆಟ್ಟನ್ನು ಕೂರಿಸಿ, ಎಲ್ಲ ಇದ್ದ ಹಾಗೆ ಮುಚ್ಚಿದೆ. ತೆಗೆದದ್ದನ್ನು ಬೀದಿಯ ಕೊನೆಯ ಮೋರಿಗೆ ಹಾಕಿದೆ. ಡಬ್ಬಿಯನ್ನು ಗುಜರಿಯವನಿಗೆ ಕೊಟ್ಟೆ. ಪೆಟ್ರೋಲಿನ ವಾಸನೆ ಹೋಗಲೆಂದು ಕಡಲೆಹಿಟ್ಟಿನಲ್ಲಿ ಕೈ ತೊಳೆದೆ.

ವೇಣು ಬಂದವನು ಸ್ನಾನವನ್ನೂ ಮಾಡದೆ ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ತಲೆ ಮೇಣದಂತೆ ಕರಗಿತ್ತು, ಬದಿಯಲ್ಲಿ ಉಗುರಿನಿಂದ ಕೆರೆದಂಥ ಗೀರುಗಳು. ಪ್ಲಗ್ಗು ಸುಣ್ಣದಂತೆ ಬೆಳ್ಳಗಿತ್ತು. ಲೀನ್ ಆಗಿಯೇ ಸುಟ್ಟಿದೆ ಎಂದು ಅವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಜೆಟ್ಟು ಬಿಚ್ಚಿದ. ಈಗ ಬಿಟ್ ತೂರಿಸಿ ನೋಡಿದ. ಒಂದು ಸಲ ನೋಡಿ ಬೆಳಕಿಗೆ ಬಂದು ಇನ್ನೊಂದು ಸಲ ನೋಡಿದ. ತೂತು ಸರಿಯಾಗಿತ್ತು. ನಾನು ಕೌಂಟರಿನ ಗಾಜು ಒರೆಸುತ್ತಿದ್ದೆ.

ಅವನು ಆ ಪಿಸ್ಟನ್ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ನಾಲ್ಕಾರು ದಿನ ಯಾರ ಯಾರಿಗೋ ಫೋನ್ ಮಾಡಿದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು, "ನನಗೆ ಗೊತ್ತಾಯ್ತಕ್ಕ, ತಪ್ಪು ನಂದೇ" ಎಂದ. ಬೆಂಗಳೂರು ಎತ್ತರದ ಊರು, ಇಲ್ಲಿಯ ಗಾಳಿ ತೆಳು. ಇಲ್ಲಿ ಸರಿಯೆಂದು ಕಂಡ ಪೆಟ್ರೋಲು, ಘಾಟಿ ಇಳಿದು ಬಯಲಿಗೆ ಹೋದರೆ ಅಲ್ಲಿಯ ದಪ್ಪ ಗಾಳಿಗೆ ಸಾಲುವುದಿಲ್ಲ. ಕೆಳಗೆ ಹೋಗುತ್ತೇನೆಂದು ಸಂದೀಪ ಹೇಳಿಯೇ ಇದ್ದ. ಒಂದು ನಂಬರ್ ಹೆಚ್ಚು ಹಾಕಬೇಕಿತ್ತು. ತಾನು ಕನಕಪುರ ರಸ್ತೆಯ ಗಾಳಿಯನ್ನೇ ಲೋಕದ ಗಾಳಿ ಎಂದುಕೊಂಡೆ ಎಂದ. ನೊರೆ ಉಗುಳಿ ಮತ್ತೆ ಹೇಳಿದ, ಇಂಥವನು ಇನ್ನೊಬ್ಬರ ಜೀವ ಕೂರುವ ಗಾಡಿಗೆ ಕೈ ಹಾಕಬಾರದು ಎಂದು.

ಆಗ ನಾನು ಕೇಳಿದ್ದು ಏನು ಗೊತ್ತೇ? ಸತ್ಯ ಹೇಳುವುದು ಬಿಟ್ಟು, ನನ್ನ ಹಳೆಯ ಅನುಮಾನವನ್ನೇ ಕೇಳಿದೆ. "ನೀನು ಜೆ.ಪಿ. ನಗರಕ್ಕೆ ಹೋಗ್ಬಿಡ್ತಿದ್ಯಾ?"

ಅವನಿಗೆ ಆಶ್ಚರ್ಯವೂ ಆಗಲಿಲ್ಲ. "ಗೊತ್ತಿರ್ಲಿಲ್ಲ ಅಕ್ಕ. ಬೈಕ್ ವಾಪಸ್ ಬಂದ್ಮೇಲೆ ನಿನ್ನ ಕೇಳೋಣ ಅಂತಿದ್ದೆ."

ಸಂದೀಪ ನಮ್ಮ ಮೇಲೆ ಜಗಳಕ್ಕೆ ಬರಲಿಲ್ಲ. ಅವರಪ್ಪ ಒಮ್ಮೆ ಬಂದು, ನಮ್ಮ ಬೋರ್ಡು ನೋಡಿಕೊಂಡು ಹೋದರು. ಅವನ ಎಡಗೈ ಮೂಳೆ ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲವಂತೆ. ಆ ಖಾಲಿ ಮಳಿಗೆಯಲ್ಲಿ ಈಗ ಜ್ಯೂಸ್ ಅಂಗಡಿ ಇದೆ. ವೇಣು ಆ ಚಳಿಗಾಲದಿಂದ ಟ್ಯೂನಿಂಗಿನ ಗಾಡಿಗಳನ್ನು ವಾಪಸ್ಸು ಕಳಿಸತೊಡಗಿದ. ಕಂಪನಿಯವರು ಕೊಟ್ಟ ಹಾಗೇ ಇರಲಿ ಸಾರ್ ಎನ್ನುತ್ತಿದ್ದ. ಆಯಿಲ್ ಬದಲಾಯಿಸುವುದು, ಬ್ರೇಕ್ ಬಿಗಿ ಮಾಡುವುದು, ಅಷ್ಟೇ. ಎಂಜಿನ್ ಶುರು ಮಾಡಿ ಕಿವಿಗೊಟ್ಟು ನಿಲ್ಲುವುದನ್ನೇ ಬಿಟ್ಟ. ಆಮೇಲೆ ಅದೂ ಬೇಡವೆಂದು ಬಿ.ಟಿ.ಎಂ. ಕಡೆ ಎಲೆಕ್ಟ್ರಿಕ್ ಸ್ಕೂಟರಿನ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ. ಅದರಲ್ಲಿ ಗಾಳಿಯೂ ಇಲ್ಲ, ಪೆಟ್ರೋಲೂ ಇಲ್ಲ, ನೆಮ್ಮದಿ ಎಂದು ನಗುತ್ತಾ ಹೇಳುತ್ತಾನೆ. ಅವನು ಹೋಗಿಬಿಡುತ್ತಾನೆಂದು ಅಷ್ಟೆಲ್ಲ ಮಾಡಿದ ನಾನು ಅದೇ ಕೌಂಟರಿನ ಹಿಂದೆ ಒಬ್ಬಳೇ ಉಳಿದೆ. ಹಿಂದುಗಡೆಯ ಜಾಗವನ್ನು ನೀರಿನ ಕ್ಯಾನಿನವರು ಬಾಡಿಗೆಗೆ ಹಿಡಿದಿದ್ದಾರೆ.

ಸಿಗ್ನಲ್ಲಿನಲ್ಲಿ ಆ ಬೈಕು ಕಂಡದ್ದರ ಮರುದಿನವೇ ನಾನು ಸಿದ್ದಾಪುರಕ್ಕೆ ಹೋದೆ. ಮದುವೆಯಾದ ಮೇಲೆ ವೇಣು ಅಲ್ಲೇ ಬಾಡಿಗೆ ಮನೆ ಮಾಡಿದ್ದಾನೆ. ಭಾನುವಾರ. ಅವನ ಹೆಂಡತಿ ಸೌಮ್ಯ ಒಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಅವನು ಕುರ್ಚಿ ಎಳೆದು ಕೊಟ್ಟ. ನಾನು ಕೂರುವ ಮೊದಲೇ ಎಲ್ಲವನ್ನೂ ಹೇಳಿದೆ. ಡಬ್ಬಿ, ಸೆರಗಿನಲ್ಲಿ ಒರೆಸಿ ಕೊಟ್ಟದ್ದು, ಪೂಜೆಯ ನೆಪ, ಅರ್ಧ ಇಳಿಸಿದ ಶಟರು, ಮೋರಿ. ಬಯ್ಯುತ್ತಾನೆ, ಎದ್ದು ಹೋಗೆನ್ನುತ್ತಾನೆ, ಎರಡಕ್ಕೂ ತಯಾರಾಗಿಯೇ ಹೋಗಿದ್ದೆ.

ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ಸೌಮ್ಯ ಫೋನ್ ಮಾಡಿದ್ಲಾ ನಿನಗೆ?"

ಇಲ್ಲ ಎಂದೆ. ಅವನು ನಂಬಲಿಲ್ಲ. ಅವನಿಗೆ ಈಚೆಗೆ ಯಾರೋ ಹಳೆಯ ಬೈಕುಗಳ ವರ್ಕ್‌ಶಾಪಿಗೆ ಕರೆಯುತ್ತಿದ್ದಾರಂತೆ, ಅವನು ಒಪ್ಪುತ್ತಿಲ್ಲವಂತೆ. ಅವಳು ಬೇಜಾರು ಮಾಡಿಕೊಂಡಿದ್ದಾಳಂತೆ. ತನ್ನ ಮೈಮೇಲಿನ ಭಾರ ಇಳಿಸಲು ನಾವಿಬ್ಬರೂ ಸೇರಿ ಈ ಕತೆ ಕಟ್ಟಿದ್ದೇವೆ ಎನ್ನುವ ಹಾಗೆ ನನ್ನನ್ನೇ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಆ ಮಳೆಗಾಲವಿಡೀ ನಾನು ಅವನನ್ನು ನೋಡಿದ್ದು ಹಾಗೆಯೇ.

"ಆ ಜೆಟ್ ತೂತಿಗೆ ನಾನೇ ಬಿಟ್ ಹಾಕಿ ನೋಡಿದೀನಿ ಅಕ್ಕ. ಸರಿಯಾಗಿತ್ತು."

"ನಾನು ಬದಲಾಯಿಸಿದ್ದೆ ಕಣೋ. ಅದನ್ನೇ ಹೇಳ್ತಿರೋದು."

"ಎಲ್ಲಿದೆ ಹಳೇದು?"

"ಬಿಸಾಕಿದೆ ಅಂದ್ನಲ್ಲ."

ಅವನು ತಲೆಯಾಡಿಸಿ ನಕ್ಕ. ಸಿಟ್ಟಿನ ನಗುವಲ್ಲ, ಅಕ್ಕರೆಯದು. ಅಮ್ಮ ಹೋದಾಗಿನಿಂದ ನಿನ್ನದು ಇದೇ ಆಯಿತು, ನಾನು ಒಡೆದ ಲೋಟಕ್ಕೂ ನೀನೇ ಏಟು ತಿಂದವಳು ಎಂದ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮಗುವಿಗೆ ಹೇಳುವಂತೆ ನನಗೆ ವಿವರಿಸತೊಡಗಿದ. ಬೆಂಗಳೂರು ಎಷ್ಟು ಎತ್ತರ, ಸೇಲಂ ಎಷ್ಟು ಕೆಳಗೆ, ಅಷ್ಟು ಇಳಿದರೆ ಗಾಳಿ ಎಷ್ಟು ದಪ್ಪವಾಗುತ್ತದೆ, ಆಗ ಜೆಟ್ಟು ಎಷ್ಟಿರಬೇಕಿತ್ತು. ಕೈಗಳಿಂದ ಗಾಳಿಯಲ್ಲಿ ಘಾಟಿ ಬರೆದು ತೋರಿಸಿದ. ಅವನು ಎಂಜಿನ್ನಿನ ವಿಷಯವನ್ನು ಅಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ವರ್ಷಗಟ್ಟಲೆ ಕೇಳಿರಲಿಲ್ಲ. ಸೌಮ್ಯ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

ಅವನು ಹೇಳಿದ ಗಾಳಿಯ ಲೆಕ್ಕ ಸುಳ್ಳಲ್ಲ. ಆ ಘಾಟಿಯ ಕೆಳಗಿನ ಗಾಳಿಯೂ ತನ್ನ ಪಾಲು ಸೇರಿಸಿರಬಹುದು. ಆದರೆ ನೂರಿಪ್ಪತ್ತೈದೇ ಇದ್ದಿದ್ದರೆ ಬೈಕು ಕೆಮ್ಮುತ್ತಿತ್ತು, ಸುಡುತ್ತಿರಲಿಲ್ಲ. ಅಷ್ಟು ನನಗೂ ಗೊತ್ತು. ಅದನ್ನು ಹೇಳಬೇಕಿತ್ತು. ಅವನ ಕೈ ಹಿಡಿದು, ನಿನ್ನ ಕಿವಿ ಸರಿಯಾಗಿತ್ತು, ನಿನ್ನ ಕಣ್ಣು ಸರಿಯಾಗಿತ್ತು, ಕೆಟ್ಟದ್ದು ನಾನು ಎಂದು ಅವನು ನಂಬುವವರೆಗೂ ಹೇಳಬೇಕಿತ್ತು.

"ಈಗ ಅರ್ಥ ಆಯ್ತಾ?" ಎಂದ ವೇಣು.

ನನ್ನ ಎದೆಯಲ್ಲಿ ಏನೋ ಹಗುರವಾಯಿತು. ಅದು ಹಗುರವಾದದ್ದಕ್ಕೇ ನನಗೆ ಈಗಲೂ ನಾಚಿಕೆ.

"ಇರಬಹುದು" ಎಂದೆ.